ಎಡ ಅಂಗೈಯ ನಂಬರು

ಅಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಬಿಳಿ ಅಂಗಿ ಇತ್ತು. ಮುಚ್ಚಳ ಹಾಕದ ಮಾರ್ಕರನ್ನು ಜೇಬಿನಲ್ಲಿಟ್ಟುಕೊಂಡು ಇಡೀ ದಿನ ಓಡಾಡಿದ್ದನಂತೆ ಆ ಪುಣ್ಯಾತ್ಮ. ಜೇಬಿನ ಕೆಳಗೆ ಬಟ್ಟಲಗಲ ಕರಿ ಕಲೆ. ಸಾಲದ್ದಕ್ಕೆ ಮನೆಯವರು ಬಿಸಿನೀರು ಹಾಕಿ ಬ್ರಷ್ಷಿನಿಂದ ತಿಕ್ಕಿದ್ದರು. ತಿಕ್ಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೇಲೆ ಕೂತಿದ್ದ ಕಲೆಯನ್ನು ಕೈಯಾರೆ ನೂಲಿನೊಳಕ್ಕೆ ಇಳಿಸಿ, ಆಮೇಲೆ ತಂದು ನನ್ನ ಮುಂದೆ ಹಾಕಿ, ಸಂಜೆಗೆ ಬೇಕು ಎನ್ನುತ್ತಾರೆ.

ಕೂಕಟ್‌ಪಲ್ಲಿಯ ಈ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವ ಮೇಜು ನನ್ನದು. ಮಾರ್ಕರಿನ ಮಸಿಯಲ್ಲಿ ಬಣ್ಣದ ಜೊತೆಗೆ ಒಂದು ಬಗೆಯ ಅಂಟೂ ಇರುತ್ತದೆ. ನೀರಿಗೆ, ಸೋಪಿಗೆ ಆ ಅಂಟು ಜಗ್ಗುವುದಿಲ್ಲ, ಸ್ಪಿರಿಟ್ಟಿಗೆ ಮಾತ್ರ ಸಡಿಲುತ್ತದೆ. ಆದರೆ ಸಡಿಲಾದ ಮಸಿ ಎಲ್ಲಿಗಾದರೂ ಹೋಗಲೇಬೇಕಲ್ಲ. ಅದಕ್ಕೇ ಕಲೆಯ ಅಡಿಗೆ ಬಿಳಿ ಬಟ್ಟೆಯ ಮಡಿಕೆ ಇಟ್ಟು, ಅಂಗಿಯನ್ನು ತಿರುವಿಹಾಕಿ, ಬೆನ್ನ ಕಡೆಯಿಂದ ಸ್ಪಿರಿಟ್ ತೊಯ್ಯಿಸಬೇಕು. ಮಸಿ ಅಡಿಯ ಬಟ್ಟೆಗೆ ಇಳಿಯುತ್ತದೆ. ಮಡಿಕೆ ಬದಲಿಸಬೇಕು, ಮತ್ತೆ ತೊಯ್ಯಿಸಬೇಕು. ಒತ್ತಬೇಕು, ತಿಕ್ಕಬಾರದು. ಹೀಗೆ ಎಂಟು ಹತ್ತು ಸಲ ಮಾಡಿದರೆ ಎಂಥ ಕರಿಯೂ ಮೊದಲು ನೇರಳೆಯಾಗಿ, ಆಮೇಲೆ ತೆಳು ಬೂದಿಯಾಗಿ, ಕೊನೆಗೆ ಇಲ್ಲವಾಗುತ್ತದೆ. ನಾನು ನಾಲ್ಕನೆಯ ಮಡಿಕೆಯಲ್ಲಿದ್ದಾಗ ಕಟ್ಟೆಯ ಆಚೆ ಇಬ್ಬರು ಬಂದು ನಿಂತರು.

ಒಬ್ಬನ ಪರಿಚಯವಿತ್ತು. ಹತ್ತಿರದಲ್ಲೇ ಏಳುತ್ತಿದ್ದ ಫ್ಲ್ಯಾಟುಗಳ ಕೆಲಸದ ಮೇಸ್ತ್ರಿ, ಯಾದಗಿರಿ ಕಡೆಯವನು. ಹಿಂದೊಮ್ಮೆ ಅವನ ಮಗಳ ಸ್ಕೂಲಿನ ಅಂಗಿಗೆ ಹತ್ತಿದ್ದ ಮಾರ್ಕರ್ ತೆಗೆದುಕೊಟ್ಟಿದ್ದೆ. ನಾನು ತೆಗೆಯದ ಕಲೆ ಇನ್ನೂ ಹುಟ್ಟಿಲ್ಲ ಎಂದು ಅಂದು ಜಂಬವನ್ನೂ ಕೊಚ್ಚಿಕೊಂಡಿದ್ದೆ. ಇನ್ನೊಬ್ಬ ಇಪ್ಪತ್ತೈದು ದಾಟಿದ ಆಳು, ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಏನೂ ಇರಲಿಲ್ಲ.

"ಅರಿವಿ ಎಲ್ಲಿ?" ಎಂದೆ.

"ಅರಿವಿ ಅಲ್ರಿ ಕಾಕಾರ," ಎಂದ ಆ ಆಳು. "ನಮ್ಮ ಮಾವನ ಕೈ."

ಅವನ ಅಕ್ಕನ ಗಂಡ ಸೆಂಟ್ರಿಂಗ್ ಕೆಲಸದವನು, ಎಂದರೆ ಸ್ಲ್ಯಾಬ್ ಹಾಕುವ ಮೊದಲು ಹಲಗೆ ಕಟ್ಟುವವನು. ಹಿಂದಿನ ದಿನ ಮಧ್ಯಾಹ್ನ ಆರನೆಯ ಅಂತಸ್ತಿನಿಂದ ಕಬ್ಬಿಣದ ಸರಳುಗಳ ಮೇಲೆ ಬಿದ್ದಿದ್ದ. ಪೋಸ್ಟ್‌ಮಾರ್ಟಂ ಮುಗಿದಿತ್ತು. ಶವಾಗಾರದಲ್ಲಿ ಗುರುತಿಗೆಂದು ಅವನ ಎಡ ಅಂಗೈ ಮೇಲೆ ದಪ್ಪ ಮಾರ್ಕರಿನಲ್ಲಿ ನಂಬರು ಬರೆದಿದ್ದರು. ಈಗ ಹೆಣ ಊರಿಗೆ ಒಯ್ಯಬೇಕು. ಅವರು ಲಿಂಗವಂತರು. ಅವರಲ್ಲಿ ಸುಡುವುದಿಲ್ಲ, ಸತ್ತವನನ್ನು ಕೂರಿಸಿ, ಅವನು ಬದುಕಿದ್ದಾಗ ಕೊರಳಲ್ಲಿ ಧರಿಸುತ್ತಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ.

"ಅಕ್ಕ ಹೆಣಾ ಎತ್ತಾಕ ಬಿಡವಲ್ಲಳ್ರಿ. ನಂಬರ್ ಬರದ ಕೈಯಾಗ ಲಿಂಗ ಹ್ಯಾಂಗ ಇಡೂದು ಅಂತಾಳ. ಸಬಕಾರ ಹಚ್ಚಿ ತೊಳದ್ವಿ, ಹೋಗವಲ್ದು. ಊರಾಗಿನ ಮಠದ ಅಯ್ಯಾರು ಫೋನಿನಾಗ ಕೈ ಸ್ವಚ್ಛ ಮಾಡಿಸ್ಕೊಂಡ ಬರ್ರಿ, ಹೊತ್ತು ಮುಣಗೂದ್ರಾಗ ಮಣ್ಣು ಆಗಬೇಕು ಅಂದಾರ. ಹನ್ನೆರಡಕ್ಕ ಗಾಡಿ ಬಿಡಲಿಲ್ಲಂದ್ರ ಮುಟ್ಟೂದಿಲ್ರಿ."

ನಾನು ಅಂಗಿಯ ಅಡಿಯ ಮಡಿಕೆ ಬದಲಿಸಿದೆ. ಮೇಸ್ತ್ರಿ ಸುಮ್ಮನಿರಲಾರದೆ, "ನಿಮ್ಮ ಮಂದಿ ಕೆಲಸಾನ ಅಲ್ಲೇನ್ರಿ ಇದು?" ಎಂದುಬಿಟ್ಟ.

ಹೌದು, ನಾನು ಅಗಸರವನು. ಊರಲ್ಲಿ ಯಾರದೇ ಹೆಣ ಹೊರಟರೂ ನಮ್ಮಪ್ಪ ಅದರ ಮುಂದೆ ಮಡಿ ಬಟ್ಟೆ ಹಾಸುತ್ತ, ಹಿಂದಿನದನ್ನು ಎತ್ತಿ ಮತ್ತೆ ಮುಂದೆ ಹಾಸುತ್ತ, ಬಗ್ಗಿಕೊಂಡೇ ಮಸಣದವರೆಗೆ ನಡೆಯುತ್ತಿದ್ದ. ಹೆಣದ ಮೈಮೇಲಿನ ಬಟ್ಟೆ ಒಗೆಯುವುದೂ ಅವನ ಪಾಲಿಗೇ. ಆ ಬಗ್ಗಿದ ಬೆನ್ನನ್ನು ನೋಡಲಾರದೆ ನಾನು ಈ ಊರಿಗೆ ಬಂದವನು. ಮೇಸ್ತ್ರಿಯ ಮಾತಿಗೆ ಸ್ಪಿರಿಟ್ಟಿನ ಬಾಟಲಿಯನ್ನು ಅವನ ಮುಖಕ್ಕೇ ಎಸೆಯಬೇಕು ಎನ್ನಿಸಿತು.

"ಮೇಸ್ತ್ರಿ, ನಿನ್ನ ಕೆಲಸ ನೀ ಮಾಡಿದ್ದರ, ಆರನೇ ಅಂತಸ್ತಿನ್ಯಾಗ ಅವಗ ಸೊಂಟಕ್ಕೊಂದ ಬೆಲ್ಟ್ ಇರತಿತ್ತು. ನನ್ನ ಕೆಲಸ ನನಗ ಹೇಳಬ್ಯಾಡ," ಎಂದೆ.

ಅವನು ತಲೆ ತಗ್ಗಿಸಿದ. ಆ ಆಳು ಮಾತ್ರ ನನ್ನನ್ನೇ ನೋಡುತ್ತ ನಿಂತಿದ್ದ. ಅವನ ಮುಖ ನೋಡಿಕೊಂಡು ಇಲ್ಲ ಎನ್ನಲಾಗಲಿಲ್ಲ. ಮಾಲೀಕರಿಗೆ ಹೇಳಿ, ಒಂದು ಚೀಲದಲ್ಲಿ ಸ್ಪಿರಿಟ್, ಹತ್ತಿಯ ಸುರುಳಿ, ಬಿಳಿ ಬಟ್ಟೆಯ ಮಡಿಕೆಗಳು, ಕೊಬ್ಬರಿ ಎಣ್ಣೆ, ಕೈಗವಸು ಹಾಕಿಕೊಂಡೆ. ಬಾಲಾನಗರದ ಲಾರಿಗಳ ನಡುವೆ ಆಟೋ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹತ್ತೂಕಾಲು.

ಶವಾಗಾರದ ಅಂಗಳದಲ್ಲಿ ಗಾಡಿ ಹಿಂಬಾಗಿಲು ತೆಗೆದುಕೊಂಡು ನಿಂತಿತ್ತು. ಗೋಡೆಗೆ ಒರಗಿ ಒಬ್ಬ ಹೆಂಗಸು ಕೂತಿದ್ದಳು. ಮೂವತ್ತು ಮೂವತ್ತೆರಡು ಇದ್ದೀತು ವಯಸ್ಸು. ಮಡಿಲಲ್ಲಿ ಒಂದು ಕರವಸ್ತ್ರದ ಗಂಟು, ಅದರ ಮೇಲೆ ಎರಡೂ ಕೈ. ಗಂಡನ ಲಿಂಗ ಅದರಲ್ಲಿದೆ ಎಂದು ತಮ್ಮ ಹೇಳಿದ. ಸತ್ತವನ ಮುಖ ನೋಡುವ ಹಾಗಿಲ್ಲವೆಂದು ಅದನ್ನು ಪೂರ್ತಿ ಸುತ್ತಿದ್ದರು. ಗುರುತು ಹಿಡಿದದ್ದೂ ಮೇಸ್ತ್ರಿಯೇ. ಬೆಳಿಗ್ಗೆ ಹೆಣ ಹೊರಗೆ ತಂದಾಗ ಬಟ್ಟೆಯ ಸಂದಿನಿಂದ ಎಡಗೈ ಜಾರಿತ್ತು. ನಂಬರು ಬರೆದ ಆ ಕೈಯನ್ನು ದೂರದಿಂದ ಒಮ್ಮೆ ಕಂಡದ್ದು ಬಿಟ್ಟರೆ ಅವಳು ಗಂಡನನ್ನು ನೋಡಿರಲಿಲ್ಲ.

ಮೊದಲು ಅಲ್ಲಿನ ನೌಕರನನ್ನು ಕೇಳಿದೆ. ಗುರುತಿಗೆ ಬರೆದದ್ದನ್ನು ಅಳಿಸಿ ಇನ್ನೊಂದು ರಗಳೆ ಆಗಬಾರದಲ್ಲ. "ಸಂತಕಾಲು ಅಯಿಪೋಯಾಯಿ. ಕಾಲಿಕಿ ಚೀಟಿ ಉಂದಿ ಕದಾ," ಎಂದ ಅವನು ತೆಲುಗಿನಲ್ಲಿ. ಸಹಿಗಳೆಲ್ಲ ಆಗಿವೆ, ಕಾಲಿಗೆ ಚೀಟಿ ಕಟ್ಟಿದೆ, ಕೈಮೇಲಿನದು ಹೋದರೆ ಅಡ್ಡಿಯಿಲ್ಲ. ಅಂಗೈ ಮೇಲೇ ಯಾಕಪ್ಪ ಬರೆದೆ ಎಂದರೆ, ಮೈಮೇಲೆ ಬರೆಯುವಂಥ ಜಾಗ ಬೇರೆ ಎಲ್ಲಿತ್ತು ಎಂದು ನನ್ನನ್ನೇ ಕೇಳಿದ. ಅವನೂ ಕೆಟ್ಟವನಲ್ಲ. ಒಳಗೆ ಒಂದು ಸ್ಟೂಲು ತಂದುಕೊಟ್ಟ.

ಸುತ್ತಿದ ಬಟ್ಟೆಯಿಂದ ಎಡಗೈಯಷ್ಟನ್ನೇ ಹೊರಗೆ ತೆಗೆದುಕೊಟ್ಟರು. ನಾನು ಅದನ್ನಷ್ಟೇ ನೋಡಿದೆ. ಬೆರಳುಗಳು ಅರ್ಧ ಮಡಚಿದ್ದವು, ಅವನ ಹೆಂಡತಿಯ ತಮ್ಮ ಒಂದೊಂದಾಗಿ ಬಿಡಿಸಿ ಹಿಡಿದ. ಅಂಗೈಯಲ್ಲಿ ಮೂರು ಅಂಕಿ: ನಾಲ್ಕು, ಒಂದು, ಏಳು. ಕಿರುಬೆರಳ ಬುಡದಿಂದ ಹೆಬ್ಬೆರಳ ಬುಡದವರೆಗೆ ಓರೆಯಾಗಿ, ದಪ್ಪಗೆ. ಸಿಮೆಂಟು ತಿಂದ ಅಂಗೈ, ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಒಳಗಿನ ತಂಪಿಗೆ ಚರ್ಮ ಬೆವರಿದಂತೆ ಒದ್ದೆಯಾಗಿತ್ತು. ಒದ್ದೆಯ ಮೇಲೆ ಸ್ಪಿರಿಟ್ ನಡೆಯುವುದಿಲ್ಲ, ಅದಕ್ಕೆ ಮೊದಲು ಒಣಬಟ್ಟೆಯಿಂದ ಒತ್ತಿ ಒತ್ತಿ ತೇವ ತೆಗೆದೆ. ಅಂಚಿನಲ್ಲಿ ಒಂದು ಚುಕ್ಕೆಯಷ್ಟು ಹಚ್ಚಿ ನೋಡಿದೆ. ಮಸಿ ಹತ್ತಿಗೆ ಬಂತು. ನೇರಳೆ ಬಣ್ಣ. ಇದು ಹತ್ತು ನಿಮಿಷದ ಕೆಲಸ ಎಂದುಕೊಂಡೆ.

ಬದುಕಿದ್ದವರ ಕೈಯಾದರೆ ಇದಕ್ಕೆಲ್ಲ ಕಲೆ ತೆಗೆಯುವವನು ಬೇಕಾಗಿಯೇ ಇಲ್ಲ. ಸ್ವಲ್ಪ ಎಣ್ಣೆ, ಸ್ವಲ್ಪ ಸ್ಯಾನಿಟೈಜರ್, ಎರಡು ದಿನದ ಬೆವರು, ಅಷ್ಟರಲ್ಲಿ ಮೇಲಿನ ಚರ್ಮವೇ ಸವೆದು ಮಸಿಯನ್ನು ಉದುರಿಸಿಬಿಡುತ್ತದೆ. ಸತ್ತ ಚರ್ಮ ಏನನ್ನೂ ಉದುರಿಸುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪು ಮಾಡಿದೆ.

ಆ ಕೋಣೆಯ ವಾಸನೆ, ಪಕ್ಕದಲ್ಲಿ ಸುತ್ತಿಟ್ಟ ಮುಖ, ಗಡಿಯಾರ. ಬೇಗ ಮುಗಿಸಿ ಹೊರಗೆ ಹೋಗಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಕೈ ತನ್ನ ರೂಢಿಯಂತೆ ನಡೆಯಿತು. ಅಂಗಿಗೆ ಹಾಕುವ ಹಾಗೆಯೇ ಸ್ಪಿರಿಟ್ಟನ್ನು ಧಾರಾಳವಾಗಿ ತೊಯ್ಯಿಸಿದೆ. ಅಂಗಿಯಾದರೆ ಅಡಿಗೆ ಮಡಿಕೆ ಇರುತ್ತದೆ, ಕರಗಿದ ಮಸಿ ಅದಕ್ಕಿಳಿಯುತ್ತದೆ. ಅಂಗೈಯ ಅಡಿಗೆ ಯಾವ ಮಡಿಕೆ? ಕರಗಿದ ಮಸಿಗೆ ಹೋಗಲು ಬಿರುಕುಗಳು ಮಾತ್ರ ಇದ್ದವು. ನಾನು ಹತ್ತಿ ಒತ್ತುವಷ್ಟರಲ್ಲಿ ಮೂರೂ ಅಂಕಿ ಒಡೆದು, ಬಿರುಕಿನಿಂದ ಬಿರುಕಿಗೆ ಹರಿದು, ಇಡೀ ಅಂಗೈ ನೇರಳೆಗಪ್ಪಾಗಿ ಹೋಯಿತು.

"ಏನ್ ಮಾಡಿದ್ರಿ ಕಾಕಾರ!" ಬೆರಳು ಹಿಡಿದವನ ಧ್ವನಿ ಒಡೆಯಿತು. "ನಂಬರ್ ಅಷ್ಟ ಇತ್ತಲ್ರಿ. ಈಗ ಪೂರಾ ಕೈ ಹೋತು."

ನನಗೆ ನಾಚಿಕೆಯಾಯಿತು. ಅದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ. ಒಬ್ಬ ಮನುಷ್ಯನ ಕೈಯನ್ನು ನಾನು ಬಟ್ಟೆ ಎಂದುಕೊಂಡಿದ್ದೆ. ಮನೆಯಲ್ಲಿ ಬ್ರಷ್ಷು ಹಿಡಿದು ತಿಕ್ಕುವವರನ್ನು ಬೈಯುತ್ತಿದ್ದ ನನಗೂ ಅವರಿಗೂ ಏನೂ ವ್ಯತ್ಯಾಸವಿರಲಿಲ್ಲ. ಹೊರಗೆ ಹೋಗಿ ಎರಡು ನಿಮಿಷ ನಿಂತು ಬಂದೆ. ಗೋಡೆಗೆ ಒರಗಿದ್ದ ಹೆಂಗಸು ತಲೆಯೆತ್ತಿ ನೋಡಿದಳು.

ಈ ಸಲ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಆ ಅಂಗೈಯನ್ನು ನನ್ನ ಎಡಗೈ ಮೇಲೆ ಇಟ್ಟುಕೊಂಡೆ. ಹತ್ತಿಯನ್ನು ದೀಪದ ಬತ್ತಿಯ ಹಾಗೆ ಸಣ್ಣಗೆ ಹೊಸೆದೆ. ಬತ್ತಿಯ ತುದಿಗಷ್ಟೇ ಸ್ಪಿರಿಟ್ ಮುಟ್ಟಿಸಿ, ಹಿಂಡಿ, ಒಂದು ಬಿರುಕಿನ ಮೇಲೆ ಮಲಗಿಸಿ, ಮೇಲಿಂದ ಒಣ ಹತ್ತಿ ಒತ್ತಿ ಹಿಡಿದರೆ ಮಸಿ ಬತ್ತಿಗೆ ಏರುತ್ತದೆ. ಆ ಬತ್ತಿ ಬಿಸಾಡಿ ಇನ್ನೊಂದು. ಒಂದು ಗೆರೆ ಮುಗಿದ ಮೇಲೆ ಕೊಬ್ಬರಿ ಎಣ್ಣೆಯ ಬತ್ತಿ ಎಳೆದು, ಆಳದಲ್ಲಿ ಉಳಿದದ್ದನ್ನು ಸಡಿಲಿಸಿ, ಮತ್ತೆ ಒಣ ಹತ್ತಿ. ಕಿರುಬೆರಳ ಕಡೆಯಿಂದ ಶುರು ಮಾಡಿದೆ. ಎಷ್ಟು ಬತ್ತಿಗಳಾದವೋ ಲೆಕ್ಕವಿಲ್ಲ. ಬಿಸಾಡಿದ್ದನ್ನೆಲ್ಲ ನೌಕರ ಕೊಟ್ಟ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಿದ್ದೆ.

ಮುಕ್ಕಾಲು ಗಂಟೆಯಲ್ಲಿ ನಾಲ್ಕೂ ಒಂದೂ ಇದ್ದ ಕಡೆ ತಿಳಿಯಾಯಿತು. ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಮೊದಮೊದಲು ಬತ್ತಿಗಳು ನೇರಳೆಯಾಗಿ ಬರುತ್ತಿದ್ದವು, ಎಣ್ಣೆ ಹಚ್ಚತೊಡಗಿದ ಮೇಲೆ ಕಂದುಗಪ್ಪಾಗಿ ಬರುತ್ತಿದ್ದವು. ಬಣ್ಣ ಬೇರೆಯಾದರೆ ಕಲೆಯೂ ಬೇರೆ ಎಂದು ತಿಳಿಯುವುದಕ್ಕೆ ನನ್ನ ಕಸುಬಿನಲ್ಲಿ ದೊಡ್ಡ ವಿದ್ಯೆ ಬೇಕಿಲ್ಲ. ಆದರೆ ಕಪ್ಪು ಹೊರಗೆ ಬರುತ್ತಿತ್ತಲ್ಲ, ಆ ಹುರುಪಿನಲ್ಲಿ ಅದನ್ನು ಕಡೆಗಣಿಸಿದೆ. ಹಾಳಾದದ್ದನ್ನು ಸರಿ ಮಾಡಿದೆನೆಂಬ ಸಮಾಧಾನ ಬೇಕಾಗಿತ್ತು ನನಗೆ.

ಸುತ್ತ ಹರಡಿದ್ದ ಮಸಿ ಹೋದರೂ ಹೆಬ್ಬೆರಳ ಬುಡದಲ್ಲಿ ಏಳರ ದಪ್ಪ ಗೆರೆ ಉಳಿದಿತ್ತು. ಅಲ್ಲಿ ಬಿರುಕು ಆಳ. ಬತ್ತಿಗೆ ಜಗ್ಗಲಿಲ್ಲ. ಹನ್ನೊಂದೂ ಮುಕ್ಕಾಲಾಗಿತ್ತು. ನೌಕರ ಎಲ್ಲಿಂದಲೋ ಪೇಂಟು ಕರಗಿಸುವ ಥಿನ್ನರಿನ ಡಬ್ಬಿ ತಂದು, "ಏ ಲಗಾವ್ ಚಾಚಾ, ಏಕ್ ಮಿನಿಟ್ ಮೇ ಸಾಫ್," ಎಂದ, ಇದನ್ನು ಹಚ್ಚಿದರೆ ಒಂದೇ ನಿಮಿಷದಲ್ಲಿ ಹೋಗುತ್ತದೆ ಎಂದು. ಅಂಚಿನಲ್ಲಿ ಒಂದು ಹನಿ ಹಾಕಿ ನೋಡಿದೆ. ಮಸಿ ಬಂತು, ಮಸಿಯ ಜೊತೆ ಸಾಸಿವೆಯಷ್ಟು ಚರ್ಮವೂ ಬಿಳಿಯಾಗಿ ಎದ್ದು ಬಂತು. ಡಬ್ಬಿ ಮುಚ್ಚಿ ದೂರ ಇಟ್ಟೆ.

ಅಷ್ಟರಲ್ಲಿ ಮೇಸ್ತ್ರಿ ಒಳಗೆ ಬಂದ. "ಆತೇನ್ರಿ? ಒಂದ ನಂಬರ್ ಉಳದ್ರ ಉಳೀವಲ್ದ್ಯಾಕ, ಮ್ಯಾಲ ವಿಭೂತಿ ಬಳದ ಬಿಡ್ರಿ. ಆಕಿಗೇನ ಗೊತ್ತಾಕೈತಿ?"

ಸುಳ್ಳು ಯಾಕೆ ಹೇಳಲಿ, ನನಗೂ ಅದೇ ಯೋಚನೆ ಬಂದಿತ್ತು. ಬಿಳಿ ಅಂಗಿಯಲ್ಲಿ ಕಲೆ ಪೂರ್ತಿ ಹೋಗದಿದ್ದರೆ ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ ಇಸ್ತ್ರಿ ಮಾಡಿ ಕೊಡುವುದು ನಮ್ಮಲ್ಲಿ ಹಳೆಯ ಮಸಲತ್ತು. ಮೊದಲ ಒಗೆತದಲ್ಲಿ ಬಯಲಾಗುತ್ತದೆ, ಅಷ್ಟರಲ್ಲಿ ಗಿರಾಕಿ ಮನೆ ಸೇರಿರುತ್ತಾನೆ. ನಾನೂ ಎಷ್ಟೋ ಸಲ ಮಾಡಿದ್ದೇನೆ. ಇಲ್ಲಿ ಮೊದಲ ಒಗೆತ ಎಂದರೆ ಊರಿನ ಅಂಗಳದಲ್ಲಿ, ನಾಲ್ಕು ಮಂದಿಯ ಮುಂದೆ, ಆ ಹೆಂಗಸು ಗಂಡನಿಗೆ ಕೊನೆಯ ಸ್ನಾನ ಮಾಡಿಸುವ ಹೊತ್ತು.

"ಅಕ್ಕನ ಒಳಗ ಕರಕೊಂಡ ಬಾ," ಎಂದೆ ತಮ್ಮನಿಗೆ.

"ಬ್ಯಾಡ್ರಿ, ಆಕಿ ತಾಳಂಗಿಲ್ಲ," ಎಂದ ಮೇಸ್ತ್ರಿ.

"ಕರಕೊಂಡ ಬಾ."

ಅವಳು ಬಂದು ನನ್ನ ಪಕ್ಕ ನಿಂತಳು. ಮುಖ ಸುತ್ತಿದ ಕಡೆ ಒಮ್ಮೆ ನೋಡಿ, ಆಮೇಲೆ ಕೈ ನೋಡಿದಳು. ನಾನು ಸ್ಟೂಲು ಬಿಟ್ಟುಕೊಟ್ಟೆ. ಅವಳು ಕೂತು, ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ತಗೊಂಡು, ಕಿರುಬೆರಳ ಕಡೆಯ ತಿಳಿಯಾದ ಭಾಗವನ್ನು ಬೆರಳಿನಿಂದ ಸವರಿದಳು. ಅವಳಿಗೆ ಸಮಾಧಾನವಾದೀತು ಎಂದು ಕಾದೆ. ಅವಳ ಮುಖದಲ್ಲಿ ಗಾಬರಿಯಿತ್ತು.

"ಕಾಕಾ, ಈ ಕಡೆ ಏನಾತ್ರಿ?"

"ಮಸಿ ತಗದೀನಿ ಯವ್ವಾ. ಬಿರುಕಿನಾಗಿಂದೂ ತಗದೀನಿ."

"ಬಿರುಕಿನಾಗಿಂದು ಮಸಿ ಅಲ್ರಿ," ಎಂದಳು. "ಅದು ಹಲಿಗಿಗೆ ಹಚ್ಚೂ ಎಣ್ಣಿ. ಕಾಂಕ್ರೀಟ್ ಹಿಡೀಬಾರದಂತ ಗಾಡಿದು ಹಳೀ ಎಣ್ಣಿ ಹಚ್ಚತಾರಲ್ರಿ, ಅದು. ಹನ್ನೊಂದ ವರ್ಷ ಆತು ನಾ ನೋಡಾಕತ್ತು. ಸಬಕಾರಕ್ಕ ಹೋಗಲಿಲ್ಲ, ಸೀಮಿಎಣ್ಣಿಗೆ ಹೋಗಲಿಲ್ಲ. ದಿನಾ ಮುಂಜಾನೆ ಜಳಕಾ ಮಾಡಿ ಇದ ಕೈಯಾಗ ಲಿಂಗ ಹಿಡಕೊಂಡ ಕುಂದರತಿದ್ರು." ತಲೆಯೆತ್ತಿ ಕೇಳಿದಳು: "ಮಾರಿ ತೋರಸಲಿಲ್ಲ. ಕೈಯರ ನೋಡೂಣಂದ್ರ, ಇದು ಯಾರ ಕೈರಿ?"

ಕಂದುಗಪ್ಪು ಬತ್ತಿಗಳು ನನಗೆ ಹೇಳುತ್ತಲೇ ಇದ್ದದ್ದು ಇದನ್ನೇ. ಹನ್ನೊಂದು ವರ್ಷ ಅವನ ಸಂಸಾರವನ್ನು ಸಾಕಿದ ಕಪ್ಪನ್ನು ನಾನು ಮುಕ್ಕಾಲು ಗಂಟೆ ಕೂತು ಜತನದಿಂದ ತೆಗೆದು ಹಾಕಿದ್ದೆ. ಮೊದಲ ತಪ್ಪು ಗಡಿಬಿಡಿಯದು. ಇದು ಶ್ರದ್ಧೆಯಿಂದ ಮಾಡಿದ್ದು, ಅದಕ್ಕೇ ಹೆಚ್ಚು ಚುಚ್ಚಿತು.

"ತಪ್ಪಾತು ತಂಗಿ," ಎಂದೆ. "ನಾ ಎಲ್ಲಾ ಮಸಿ ಅಂತ ತಿಳಕೊಂಡ್ನಿ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಗೈಯನ್ನು ಬೆಳಕಿಗೆ ತಿರುಗಿಸಿ ಹುಡುಕಿದಳು. ಹೆಬ್ಬೆರಳ ಬುಡದಲ್ಲಿ, ಆ ಏಳರ ಕೆಳಗೆ, ಎರಡು ಬಿರುಕು ಇನ್ನೂ ಕಪ್ಪಾಗಿದ್ದವು. "ಇಲ್ಲೈತಿ," ಎಂದು ಅಲ್ಲಿ ತನ್ನ ಹೆಬ್ಬೆರಳು ಇಟ್ಟಳು. ಆಗ ಮೊದಲ ಸಲ ಅತ್ತಳು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಏಳು ಆ ಬಿರುಕಿನ ಮೇಲೆಯೇ ಇದೆ. ಅದನ್ನು ತೆಗೆದರೆ ಎಣ್ಣೆಯ ಕಪ್ಪೂ ಹೋಗುತ್ತದೆ, ಚರ್ಮವೂ ಏಳಬಹುದು. ಬಿಟ್ಟರೆ ನಂಬರಿನ ಒಂದು ಅಂಕಿ ಉಳಿಯುತ್ತದೆ. "ಹ್ಯಾಂಗ ಮಾಡ್ಲಿ, ನೀನ ಹೇಳವ್ವ."

"ಬಿಡ್ರಿ."

"ಅಕ್ಕಾ, ಅಯ್ಯಾರು ಏನಂತಾರೋ?" ಎಂದ ತಮ್ಮ.

"ಅಯ್ಯಾರಿಗೆ ನಾ ಹೇಳತೀನಿ," ಎಂದಳು. ಕರವಸ್ತ್ರದ ಗಂಟು ಬಿಚ್ಚಿ, ಲಿಂಗವನ್ನು ಆ ಅಂಗೈಯ ನಡುವೆ ಒಮ್ಮೆ ಇಟ್ಟು, ಬೆರಳುಗಳನ್ನು ಅದರ ಮೇಲೆ ಮಡಚಿ ನೋಡಿದಳು. ಮತ್ತೆ ತೆಗೆದು ಗಂಟು ಕಟ್ಟಿಕೊಂಡಳು. "ಇನ್ನ ಎತ್ತರಿ."

ಹನ್ನೆರಡು ದಾಟಿತ್ತು. ಹೆಣವನ್ನು ಗಾಡಿಗೆ ಏರಿಸಿದರು. ಮೇಸ್ತ್ರಿ ಡ್ರೈವರನಿಗೆ ದಾರಿ ಹೇಳುತ್ತಿದ್ದ. ನಾನು ನನ್ನ ಬಾಟಲಿ, ಮಡಿಕೆಗಳನ್ನು ಚೀಲಕ್ಕೆ ತುಂಬಿಕೊಂಡು, ಬತ್ತಿಗಳ ಪ್ಲಾಸ್ಟಿಕ್ ಚೀಲವನ್ನು ಎಲ್ಲಿ ಹಾಕುವುದೆಂದು ನೋಡುತ್ತ ಅಂಗಳಕ್ಕೆ ಬಂದೆ. ಗಾಡಿಯೊಳಗೆ ಗಂಡನ ಪಕ್ಕ ಕೂತಿದ್ದವಳು ನನ್ನನ್ನು ಕರೆದಳು.

"ಕಾಕಾ, ಅದು ಕೊಡ್ರಿ."

"ಯಾವುದವ್ವ?"

"ಆ ಹತ್ತಿ. ಅದರಾಗ ಅವರದೂ ಐತಲ್ರಿ."

ನನಗೆ ಅರ್ಥವಾಗುವುದಕ್ಕೆ ಒಂದು ಗಳಿಗೆ ಹಿಡಿಯಿತು. ಚೀಲ ಕೊಟ್ಟೆ. ಅವಳು ಕೈ ಹಾಕಿ ಬತ್ತಿಗಳನ್ನು ಮುಷ್ಟಿಗಟ್ಟಲೆ ತೆಗೆದು ಸೆರಗಿನಲ್ಲಿ ಹಾಕಿಕೊಳ್ಳತೊಡಗಿದಳು. ನೇರಳೆ, ಕಂದು, ಎಲ್ಲ ಕಲಸಿಹೋಗಿತ್ತು, ಇನ್ನೂ ಸ್ಪಿರಿಟ್ಟಿನ ತೇವವಿತ್ತು. ಬಿಳಿ ಸೀರೆ. ಯಾರೋ ತಂದುಕೊಟ್ಟ ಹೊಸದು. ಇಷ್ಟು ವರ್ಷದ ಅಭ್ಯಾಸ, ಬಾಯಿ ತಡೆಯಲಿಲ್ಲ.

"ಸೀರಿಗೆ ಹತ್ತತೈತಿ ತಂಗಿ," ಎಂದೆ. "ಆಮ್ಯಾಲ ಏನ್ ಮಾಡಿದ್ರೂ ಹೋಗಂಗಿಲ್ಲ."

"ಹತ್ತಲಿ ಬಿಡ್ರಿ ಕಾಕಾ," ಎಂದು ಅವಳು ಸೆರಗನ್ನು ಗಂಟು ಹಾಕಿಕೊಂಡಳು.